ಮುಪ್ಪಿಗೊಂದು ಗಂಟು: ಅವಿಶ್ವಾಸವೇ, ವಿವೇಕವೇ?

ಮೊಳಕಾಲ್ಮೂರಿನ ನೇಕಾರರ ಓಣಿಯ ಮನೆಯೊಂದರಲ್ಲಿ ಜಪಮಾಲೆ ಪ್ರಾರ್ಥನೆ ಮುಗಿಸಿ ಹೊರಡುವ ಹೊತ್ತು. ಬಾಗಿಲವರೆಗೆ ಬಂದ ಆ ಮನೆಯ ಹಿರಿಯ ತಾಯಿ ಅಲ್ಲೇ ನಿಂತುಬಿಟ್ಟರು. ಅರವತ್ತೆಂಟು ವರ್ಷದ ವಿಧವೆ. ಗಂಡ ಹೆಂಡತಿ ಇಬ್ಬರೂ ಮೂವತ್ತು ವರ್ಷ ಮಗ್ಗದಲ್ಲಿ ದುಡಿದು ಕಟ್ಟಿಸಿದ ಮನೆ ಅದು. ಕಾಗದಪತ್ರಗಳು ಆಕೆಯ ಹೆಸರಿನಲ್ಲೇ ಇವೆ. ಮಗ ಬೆಂಗಳೂರಿನಲ್ಲಿದ್ದಾನೆ. ಮಗಳನ್ನು ಬಳ್ಳಾರಿಗೆ ಕೊಟ್ಟಿದ್ದಾರೆ.

"ಸ್ವಾಮಿ, ಒಂದು ಮಾತು ಕೇಳ್ತೀನಿ. ಪಾಪ ಆದ್ರೆ ಪಾಪ ಅಂತಲೇ ಹೇಳಿಬಿಡಿ. ಈ ಮನೆ ನನ್ನ ಹೆಸರಿಗೆ ಬರೆದುಕೊಡು ಅಂತ ಮಗ ಕೇಳ್ತಿದ್ದಾನೆ. ಇದನ್ನ ಮಾರಿ ಚಳ್ಳಕೆರೆ ಹತ್ರ ಸೈಟು ತಗೊಳ್ತಾನಂತೆ. ನಾಲ್ಕೇ ವರ್ಷಕ್ಕೆ ದುಪ್ಪಟ್ಟು ಆಗುತ್ತಂತೆ. ನನಗೆ ಮನಸ್ಸಿಲ್ಲ. ಮಗನಿಗಿಂತ ಮನೆ ಹೆಚ್ಚಾಯ್ತೇನಮ್ಮ, ದಿನಾ ಪ್ರಾರ್ಥನೆ ಮಾಡ್ತೀಯ, ದೇವರ ಮೇಲೆ ನಂಬಿಕೆ ಇಲ್ವಾ ಅಂತಾನೆ. ಆ ಮಾತು ಕೇಳಿದಾಗಿನಿಂದ ನಿದ್ದೆ ಬರಲ್ಲ ಸ್ವಾಮಿ."

"ಪಾಪವೇನಲ್ಲ ತಾಯಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದವರಿಗೆ ಅರ್ಧ ನಿಮಿಷದ ಉತ್ತರ ಕೊಡುವುದು ಸರಿಯೆನಿಸಲಿಲ್ಲ. "ಯೋಚನೆ ಮಾಡಿ ಹೇಳ್ತೀನಮ್ಮ, ಮುಂದಿನ ವಾರ ಬರ್ತೀನಿ" ಎಂದು ಹೊರಟೆ. ಆ ವಾರವೆಲ್ಲ ಮನಸ್ಸಿನಲ್ಲಿ ಓಡಿದ್ದನ್ನು ಇಲ್ಲಿ ಬರೆದಿದ್ದೇನೆ. ಏಕೆಂದರೆ ಈ ಪ್ರಶ್ನೆ ಆ ತಾಯಿಯೊಬ್ಬರದೇ ಅಲ್ಲ. ಮುಪ್ಪಿಗೆಂದು ನಾಲ್ಕು ಕಾಸು ಕೂಡಿಟ್ಟುಕೊಳ್ಳುವುದು, ಇರುವ ಮನೆಯನ್ನು ಕೈಬಿಡದಿರುವುದು ವಿಶ್ವಾಸದ ಕೊರತೆಯೇ? ಮಕ್ಕಳ ಮೇಲಿನ ಪ್ರೀತಿಯ ಕೊರತೆಯೇ?

ಮಗ್ಗಕ್ಕೆ ಪಿಂಚಣಿಯಿಲ್ಲ

ಮೊಳಕಾಲ್ಮೂರು ರೇಷ್ಮೆ ಸೀರೆಯ ಹೆಸರು ಕೇಳದವರಿಲ್ಲ. ಆದರೆ ಆ ಸೀರೆಯನ್ನು ನೇಯುವವರ ಬದುಕು ಸೀರೆಯ ಲೆಕ್ಕದಲ್ಲೇ ನಡೆಯುತ್ತದೆ. ನೇಯ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಕಣ್ಣು ಮಂಜಾಗಿ, ಕಾಲು ಸೋತು, ಲಾಳಿ ನಿಂತ ದಿನವೇ ಕೂಲಿಯೂ ನಿಲ್ಲುತ್ತದೆ. ಮಳೆ ನೆಚ್ಚಿ ಶೇಂಗಾ ಬಿತ್ತುವ ರೈತನ ಕಥೆಯೂ ಇದೇ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಮೂಟೆ ಹೊರುವವನ ಕಥೆಯೂ ಇದೇ. ಸರ್ಕಾರಿ ನೌಕರನಿಗೆ, ದೊಡ್ಡ ಕಾರ್ಖಾನೆಯ ಕಾರ್ಮಿಕನಿಗೆ ತಿಂಗಳು ತಿಂಗಳು ಸಂಬಳದಲ್ಲೇ ಒಂದಿಷ್ಟು ಹಿಡಿದು ಮುಪ್ಪಿಗೆ ಇಡುವ ವ್ಯವಸ್ಥೆಯಿದೆ. ಆಸ್ಟ್ರೇಲಿಯಾ ದೇಶದಲ್ಲಿ 1992ರಿಂದ ಇದು ಹೆಚ್ಚುಕಡಿಮೆ ಎಲ್ಲ ನೌಕರರಿಗೂ ಕಡ್ಡಾಯ. 2025ರ ಜುಲೈಯಿಂದ ಸಂಬಳದ ಶೇ. 12ರಷ್ಟನ್ನು ಧಣಿಗಳೇ ನೌಕರನ ನಿವೃತ್ತಿ ನಿಧಿಗೆ ಕಟ್ಟಬೇಕು. ಅಲ್ಲಿ ಕಾನೂನು ಮಾಡುವ ಕೆಲಸವನ್ನು ನಮ್ಮ ನೇಕಾರ ತಾಯಿ ತಾನೇ ಹೊಟ್ಟೆ ಕಟ್ಟಿ ಮಾಡಿದ್ದಾಳೆ. ಆಕೆಯ ಪಿಂಚಣಿಯೆಂದರೆ ಆ ನಾಲ್ಕು ಗೋಡೆಗಳೇ.

ಆಕಾಶದ ಹಕ್ಕಿ, ಧನಿಕನ ಕಣಜ

ಹಾಗಾದರೆ ಪ್ರಭು ಯೇಸುವಿನ ಮಾತೇನು? ಬಿತ್ತದೆ ಕೊಯ್ಯದೆ ಬದುಕುವ ಹಕ್ಕಿಗಳನ್ನು ನೋಡಿ ಕಲಿಯಿರಿ, ನಾಳಿನ ಚಿಂತೆ ಬೇಡ ಎಂದು ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಅವರು ಹೇಳಿಲ್ಲವೇ? ಹೇಳಿದ್ದಾರೆ. ಆದರೆ ಅವರು ಬೇಡವೆಂದದ್ದು ಚಿಂತೆಯನ್ನು, ದುಡಿಮೆಯನ್ನಲ್ಲ, ಮುಂದಾಲೋಚನೆಯನ್ನೂ ಅಲ್ಲ. ಸುಗ್ಗಿಯಲ್ಲೇ ಆಹಾರ ಕೂಡಿಡುವ ಇರುವೆಯನ್ನು ನೋಡಿ ಬುದ್ಧಿ ಕಲಿ ಎಂದು ಜ್ಞಾನೋಕ್ತಿಗಳ ಗ್ರಂಥ ಸೋಮಾರಿಗೆ ಹೇಳುತ್ತದೆ. ಏಳು ಸಮೃದ್ಧ ವರ್ಷಗಳ ದವಸವನ್ನು ಯೋಸೇಫನು ಕೂಡಿಟ್ಟದ್ದರಿಂದಲೇ ಬರಗಾಲದಲ್ಲಿ ಈಜಿಪ್ಟಿನ ಜನ, ಕೊನೆಗೆ ಅವನನ್ನು ಮಾರಿದ ಅಣ್ಣಂದಿರೂ ಬದುಕಿದರು.

ಕೂಡಿಟ್ಟ ಮತ್ತೊಬ್ಬನನ್ನು ಪ್ರಭು ಮೂರ್ಖನೆಂದರು. ಆ ಸಾಮತಿ ಹುಟ್ಟಿದ್ದೇ ಒಂದು ಆಸ್ತಿ ಜಗಳದಿಂದ. ಪಿತ್ರಾರ್ಜಿತದಲ್ಲಿ ನನಗೂ ಪಾಲು ಕೊಡುವಂತೆ ನನ್ನ ಸೋದರನಿಗೆ ಹೇಳಿ ಎಂದು ಒಬ್ಬನು ಗುಂಪಿನಿಂದ ಕೂಗಿದಾಗ ಅವರು ಈ ಧನಿಕನ ಕಥೆ ಹೇಳಿದರು (ಲೂಕ 12:13-21). ಹೊಲ ಚೆನ್ನಾಗಿ ಬೆಳೆಯಿತು, ಕಣಜ ಸಾಲಲಿಲ್ಲ, ದೊಡ್ಡದು ಕಟ್ಟಲು ಹೊರಟ. ಅವನ ತಪ್ಪು ಎಲ್ಲಿದೆ? ಅವನ ಮಾತನ್ನು ಗಮನವಿಟ್ಟು ಓದಿರಿ. ನಾನು, ನನ್ನ ಬೆಳೆ, ನನ್ನ ಕಣಜ - ಇಷ್ಟೇ. ಆ ಲೆಕ್ಕದಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ, ಕೂಲಿಯಾಳಿಲ್ಲ, ನೆರೆಯವನಿಲ್ಲ, ದೇವರಂತೂ ಇಲ್ಲವೇ ಇಲ್ಲ. ಯೋಸೇಫನ ಕಣಜದ ಬಾಗಿಲು ಹಸಿದವರಿಗೆ ತೆರೆಯಿತು. ಇವನ ಕಣಜದ ಬಾಗಿಲು ಅವನೊಬ್ಬನಿಗೇ. ಕೂಡಿಟ್ಟೆಯೋ ಇಲ್ಲವೋ ಎಂಬುದಕ್ಕಿಂತ ಯಾರಿಗಾಗಿ ಕೂಡಿಟ್ಟೆ ಎಂಬುದೇ ಇಲ್ಲಿ ಪ್ರಶ್ನೆ.

ಧರ್ಮಸಭೆಯ ಬೋಧನೆಯೂ ಇದೇ ಹಾದಿಯಲ್ಲಿದೆ. ಜಗದ್ಗುರು ಪೋಪ್ 13ನೇ ಲಿಯೋ 1891ರಲ್ಲಿ ಬರೆದ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ, ಕಾರ್ಮಿಕನಿಗೆ ಸಂಸಾರ ಸಾಗಿಸಿದ ಮೇಲೂ ಒಂದಿಷ್ಟು ಉಳಿಸಿ ಸ್ವಂತ ಆಸ್ತಿ ಮಾಡಿಕೊಳ್ಳುವಷ್ಟು ಕೂಲಿ ಸಿಗಬೇಕೆಂದು ಬೋಧಿಸಿದರು. ಸಂತ ಎರಡನೇ ಜಾನ್ ಪಾಲ್ 1981ರ ತಮ್ಮ 'ಲಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರದಲ್ಲಿ, ಮುಪ್ಪಿನಲ್ಲಿ ಪಿಂಚಣಿ ಪಡೆಯುವುದು ದುಡಿಯುವವರ ಹಕ್ಕು ಎಂದರು. ಜೊತೆಗೇ ಇನ್ನೊಂದನ್ನೂ ಧರ್ಮಸಭೆ ಬಿಡದೆ ಹೇಳುತ್ತ ಬಂದಿದೆ: ಭೂಮಿಯ ಸಂಪತ್ತನ್ನು ದೇವರು ಎಲ್ಲರಿಗಾಗಿ ಕೊಟ್ಟಿದ್ದಾರೆ, ಆದ್ದರಿಂದ ನಮ್ಮ ಅಗತ್ಯಕ್ಕೆ ಮೀರಿದ್ದರಲ್ಲಿ ಬಡವನಿಗೂ ಹಕ್ಕಿದೆ.

ಎರಡು ಕಾಸಿನ ವಿಧವೆ

"ಆದರೆ ಆ ಬಡ ವಿಧವೆ ಇದ್ದ ಎರಡು ಕಾಸನ್ನೂ ಕಾಣಿಕೆ ಡಬ್ಬಿಗೆ ಹಾಕಲಿಲ್ಲವೇ? ಪ್ರಭು ಆಕೆಯನ್ನು ಮೆಚ್ಚಲಿಲ್ಲವೇ?" ಎಂದು ನೀವು ಕೇಳಬಹುದು. ಮೆಚ್ಚಿದರು. ಆದರೆ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮೇಲೆ ಕಣ್ಣು ಹಾಯಿಸಿ. ಉದ್ದುದ್ದ ಪ್ರಾರ್ಥನೆಯ ನೆಪದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳಿಗೆ ಕಠಿಣ ತೀರ್ಪು ಕಾದಿದೆ ಎಂದು ಪ್ರಭು ಆಗಷ್ಟೇ ಎಚ್ಚರಿಸಿದ್ದರು. ವಿಧವೆ ತಾನಾಗಿ, ಮನಸ್ಸಾರೆ ಕೊಟ್ಟದ್ದು ಕಾಣಿಕೆ. ದೇವರ ಹೆಸರು ಹೇಳಿ ಆಕೆಯಿಂದ ಕಿತ್ತುಕೊಂಡದ್ದು ಕಳ್ಳತನ. ದೇವರ ಮೇಲೆ ನಂಬಿಕೆಯಿಲ್ಲವೇ ಎಂಬ ಮಾತನ್ನು ನಮ್ಮ ಆಸೆಗೆ ಆಯುಧ ಮಾಡಿಕೊಂಡರೆ ನಾವೂ ಆ ಸಾಲಿಗೇ ಸೇರುತ್ತೇವೆ. ಈ ಎಚ್ಚರಿಕೆ ಮಕ್ಕಳಿಗೆ ಮಾತ್ರವಲ್ಲ. ಕಾಣಿಕೆ ಎತ್ತುವ ನಮ್ಮಂಥವರಿಗೂ ಇದೆ.

ತಾಯಿತಂದೆಯರನ್ನು ಗೌರವಿಸು

ದಶಾಜ್ಞೆಗಳಲ್ಲಿ ನಾಲ್ಕನೆಯದನ್ನು ನಾವು ಧರ್ಮೋಪದೇಶದ ತರಗತಿಯಲ್ಲೇ ಬಾಯಿಪಾಠ ಮಾಡಿದ್ದೇವೆ. ಮೊಳಕಾಲ್ಮೂರಿನ ಮಣ್ಣಿಗಂತೂ ಆ ಮಾತು ಬಹಳ ಹಳೆಯದು. ಇದೇ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಬೋಧನೆ ಅಲ್ಲಿದೆ. ಕ್ರಿಸ್ತಜಯಂತಿಗೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಮಾನವನ ಹೃದಯದಲ್ಲಿ ದೇವರು ಬರೆದಿಟ್ಟ ಧರ್ಮ ಅದು.

ಈ ಆಜ್ಞೆಯಿಂದ ನುಣುಚಿಕೊಳ್ಳುವ ಜಾಣತನವನ್ನೂ ಪ್ರಭು ಬಲ್ಲರು. ತಾಯಿತಂದೆಗೆ ಕೊಡಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುವ ಪದ್ಧತಿಯನ್ನು ಅವರು ಖಂಡಿಸಿದರು (ಮಾರ್ಕ 7:9-13). ಶಿಲುಬೆಯ ಮೇಲೆ ಕೊನೆಯುಸಿರೆಳೆಯುವಾಗಲೂ ತಮ್ಮ ತಾಯಿಗೊಂದು ಮನೆ ಇರಬೇಕೆಂದು ಪ್ರಿಯ ಶಿಷ್ಯನ ಕೈಗೆ ಆಕೆಯನ್ನು ಒಪ್ಪಿಸಿದರು.

ಮಕ್ಕಳ ಕರ್ತವ್ಯ ಇಷ್ಟು ದೊಡ್ಡದಾಗಿರುವಾಗ ಹೆತ್ತವರು ತಮಗೆಂದು ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲವಲ್ಲ ಎನ್ನಬಹುದು. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಗ್ರಂಥವನ್ನು ತೆರೆಯಿರಿ. ವಯಸ್ಸಾದ ತಂದೆಗೆ ಆಸರೆಯಾಗು, ಅವನ ಬುದ್ಧಿ ಮಂದವಾದರೂ ಹೀನಾಯ ಮಾಡಬೇಡ ಎಂದು 3ನೇ ಅಧ್ಯಾಯ ಮಗನಿಗೆ ಹೇಳುತ್ತದೆ. ಅದೇ ಗ್ರಂಥದ 33ನೇ ಅಧ್ಯಾಯ ತಂದೆಯ ಕಡೆಗೆ ತಿರುಗಿ, ಜೀವವಿರುವವರೆಗೆ ನಿನ್ನ ಆಸ್ತಿಯನ್ನು ಮಗನಿಗಾಗಲಿ, ಸೋದರನಿಗಾಗಲಿ, ಗೆಳೆಯನಿಗಾಗಲಿ ಒಪ್ಪಿಸಬೇಡ, ನೀನು ಮಕ್ಕಳ ಕೈ ನೋಡುವುದಕ್ಕಿಂತ ಅವರು ನಿನ್ನನ್ನು ಕೇಳುವುದೇ ಲೇಸು, ಕೊನೆಗಾಲದಲ್ಲಿ ಹಂಚು ಎಂದು ಬುದ್ಧಿ ಹೇಳುತ್ತದೆ. ಒಂದೇ ಗ್ರಂಥದಲ್ಲಿ ಎರಡು ಮಾತು, ಎರಡೂ ದೇವರ ವಾಕ್ಯ. ಮಕ್ಕಳ ಕರ್ತವ್ಯದ ಪುಟವನ್ನು ಹೆತ್ತವರೂ, ಹೆತ್ತವರ ತ್ಯಾಗದ ಪುಟವನ್ನು ಮಕ್ಕಳೂ ಓದುತ್ತ ಕುಳಿತರೆ ಮನೆ ಒಡೆಯುತ್ತದೆ. ತಂತಮ್ಮ ಪುಟವನ್ನು ಓದಿಕೊಂಡರೆ ಮನೆ ನಿಲ್ಲುತ್ತದೆ.

ದುಂದುಗಾರನ ತಂದೆ

ಇಷ್ಟು ಯೋಚಿಸಿದ ಮೇಲೂ ಒಂದು ಸಾಮತಿ ನನ್ನನ್ನು ಬಿಡಲಿಲ್ಲ. ದುಂದುಗಾರ ಮಗ ಬದುಕಿರುವ ತಂದೆಯ ಮುಂದೆ ನಿಂತು ಪಾಲು ಕೇಳಿದ. ತಂದೆ ಸಿರಾಖನ ಮಾತಿನಂತೆ ನಡೆಯದೆ ಹಂಚಿಯೇಬಿಟ್ಟ (ಲೂಕ 15). ಸಾಮತಿಯ ಆ ತಂದೆ ಎಂದರೆ ದೇವರೇ. ಹಾಗಾದರೆ ಈ ತಾಯಿಯೂ ಬರೆದುಕೊಡಬೇಕೇ?

ಮತ್ತೆ ಮತ್ತೆ ಓದಿದಾಗ ಹಿಂದೆ ಗಮನಿಸದ ಒಂದು ವಿಷಯ ಕಾಣಿಸಿತು. ತಂದೆ ಪಾಲು ಕೊಟ್ಟ ನಿಜ. ಆದರೆ ಮನೆಯ ಯಜಮಾನಿಕೆಯನ್ನು ಕೊಡಲಿಲ್ಲ. ಮಗ ಹಿಂತಿರುಗಿದ ದಿನ ಆಳುಗಳಿಗೆ ಅಪ್ಪಣೆ ಮಾಡಿದವನು ಆ ತಂದೆಯೇ. ಒಳ್ಳೆಯ ನಿಲುವಂಗಿ ತರಿಸಿದವನು, ಉಂಗುರ ತೊಡಿಸಿದವನು, ಕೊಬ್ಬಿದ ಕರುವನ್ನು ಕೊಯ್ಯಿಸಿದವನು ಆ ತಂದೆಯೇ. ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಿದ್ದ. ಮನೆ ಅವನ ಕೈಯಲ್ಲಿದ್ದಿದ್ದರೆ, ತಂದೆ ಜಗಲಿಯ ಮೂಲೆಯಲ್ಲಿ ತಟ್ಟೆಗಾಗಿ ಕಾಯುವ ಮುದುಕನಾಗಿದ್ದರೆ, ಕಿರಿಯವನಿಗೆ ಬಾಗಿಲು ತೆರೆಯುವವರು ಯಾರಿದ್ದರು? ಮಗನನ್ನು ಅಪ್ಪಿಕೊಳ್ಳಲು ಪ್ರೀತಿ ಸಾಕು. ಅವನನ್ನು ಒಳಗೆ ಕರೆಯಲು ಒಂದು ಮನೆಯೂ ಬೇಕು.

ತಾಯಿ ಉಳಿಸಿಕೊಂಡ ಮನೆ ಮಗನ ವಿರುದ್ಧ ಕಟ್ಟಿದ ಗೋಡೆಯಲ್ಲ. ಬೆಂಗಳೂರಿನಲ್ಲಿ ಕೆಲಸ ಹೋದರೆ, ಸೈಟಿನ ವ್ಯವಹಾರ ಮುಳುಗಿದರೆ, ಸಂಸಾರದಲ್ಲಿ ಬಿರುಕು ಬಂದರೆ ಅವನು ಬಂದು ಮಲಗುವುದು ಆ ಮಗ್ಗದ ಕೋಣೆಯಲ್ಲೇ. ಇದನ್ನು ಅವನು ಇಂದು ಅರಿಯದಿರಬಹುದು.

ಕಾಗದದ ಮಾತು

ವಿಶ್ವಾಸದ ಪುಟದಲ್ಲಿ ಕಾನೂನಿನ ಮಾತೇಕೆ ಎನ್ನಬೇಡಿ. ತಿಳಿಯದೆ ಹಾಕಿದ ಒಂದು ಸಹಿ ಎಷ್ಟೋ ಹಿರಿಯರನ್ನು ಬೀದಿಗೆ ತಂದಿದೆ. ದಾನಪತ್ರ ಬೇರೆ, ಮರಣಶಾಸನ ಬೇರೆ. ದಾನಪತ್ರ ನೋಂದಣಿಯಾಗಿ ಕೈಬದಲಾದರೆ, ಮನಸ್ಸು ಬದಲಾಯಿತೆಂದು ಹಿಂಪಡೆಯುವಂತಿಲ್ಲ. ಮರಣಶಾಸನ, ಅಂದರೆ ವಿಲ್ಲು, ಬರೆದವರು ತೀರಿಕೊಂಡ ಮೇಲೆಯೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು. ಅದಕ್ಕೆ ಛಾಪಾ ಕಾಗದವೂ ಬೇಕಿಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು, ನೋಂದಣಿ ಮಾಡಿಸಿದರೆ ಇನ್ನೂ ಭದ್ರ.

ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಕಾಯ್ದೆ ಬಂದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಹಿರಿಯರನ್ನು ಕೈಬಿಟ್ಟರೆ, ಆ ವರ್ಗಾವಣೆಯನ್ನು ರದ್ದುಪಡಿಸಲು ಅದರ 23ನೇ ಕಲಮು ಅವಕಾಶ ಕೊಡುತ್ತದೆ. ಇದಕ್ಕಾಗಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಆದರೆ ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಒಬ್ಬ ತಾಯಿಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಈ ಕಾನೂನನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಆಕೆ ಮಗನಿಗೆ ಬರೆದುಕೊಟ್ಟಿದ್ದ ದಾನಪತ್ರವನ್ನು ರದ್ದುಮಾಡಿತು. ಕೊಡಲೇಬೇಕೆಂದಿದ್ದರೆ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಪ್ರೀತಿಯಿರುವ ಮಗ ಅದಕ್ಕೆ ಬೇಸರಪಡುವುದಿಲ್ಲ.

ಇನ್ನೊಂದು ಮಾತು ಹೆಣ್ಣುಮಕ್ಕಳದ್ದು. ಮರಣಶಾಸನವಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ ನಮ್ಮಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಗಂಡ ಹೆಂಡತಿ ಮಕ್ಕಳನ್ನು ಬಿಟ್ಟು ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಸಮ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಹೆಣ್ಣುಮಗಳ ಕೈಯಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳು ನಮ್ಮಲ್ಲೂ ಇವೆ. ತಾಯಿಗೆ ಜ್ವರ ಬಂದಾಗ ಬಳ್ಳಾರಿಯಿಂದ ಬಸ್ಸು ಹತ್ತಿ ಬರುವ ಮಗಳನ್ನು ಪಾಲಿನ ದಿನ ಮರೆಯುವುದು ಯಾವ ನ್ಯಾಯ?

ಗಂಟು ಎಲ್ಲಿರಬೇಕು?

ಚಳ್ಳಕೆರೆಯ ಸೈಟಿನ ಆಸೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕುದಾಪುರದ ಸುತ್ತಲಿನ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರವೂ ಉದ್ಘಾಟನೆಯಾಯಿತು. ಅದರೊಂದಿಗೆ ಭೂಮಿಯ ಮೇಲಿನ ಆಸೆಯೂ ಬೆಳೆಯಿತು. ಸೈಟಿನಿಂದ ಲಾಭವಾಗಲೂಬಹುದು. ಆದರೆ ಕೈಯಲ್ಲಿರುವ ಒಂದೇ ಮನೆಯನ್ನು, ಅದರಲ್ಲೂ ಬೇರೆಯವರ ಮುಪ್ಪಿನ ಆಸರೆಯನ್ನು, ಪಣಕ್ಕಿಡುವ ಹಕ್ಕು ಯಾರಿಗಿದೆ? ಕುರಿ ದನ ಮೇಯುತ್ತಿದ್ದ ಆ ಕಾವಲಿಗೆ ಬೇಲಿ ಬಿದ್ದಾಗ ಕಳೆದುಕೊಂಡವರು ಯಾರೆಂಬುದನ್ನೂ ಕ್ರೈಸ್ತನಾದವನು ಒಮ್ಮೆ ನೆನೆಯಬೇಕು.

ಅತಿ ಬಡ್ಡಿಯ ಆಸೆಯೂ ಹಾಗೆಯೇ. ಧರ್ಮಕ್ಕೆ ವಿರುದ್ಧವಲ್ಲದ ಲಾಭ ಎಂಬ ಮಾತಿಗೆ ಮರುಳಾಗಿ ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹಣವಿಟ್ಟ ಸಾವಿರಾರು ಕುಟುಂಬಗಳು 2019ರಲ್ಲಿ ಕಣ್ಣೀರಿಟ್ಟವು. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದೂ ಅದೇ ವರ್ಷ. ದೇವರ ಹೆಸರು ಹೇಳಿ ಹಣ ಕೇಳುವವರು ಯಾವ ಧರ್ಮದವರೇ ಇರಲಿ, ಮೊದಲು ಕಾಗದ ನೋಡಿ.

ಬಡವನಿಗೂ ಎಟುಕುವ ದಾರಿಗಳಿವೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗೆ ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ 2022ರ ಅಕ್ಟೋಬರಿನಿಂದ ಪ್ರವೇಶವಿಲ್ಲ. 60 ತುಂಬಿದ ಮೇಲೆ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ, 18ನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕು. 30ಕ್ಕೆ ಸೇರಿದರೆ 577, 40ಕ್ಕೆ ಸೇರಿದರೆ 1,454. ತಡಮಾಡಿದಷ್ಟೂ ಭಾರ ಹೆಚ್ಚು. ಬೆಲೆಯೇರಿಕೆಯಲ್ಲಿ ಆ 5,000 ಮುಂದೆ ಸಾಲದೆಯೂ ಹೋಗಬಹುದು, ಆದರೆ ಏನೂ ಇಲ್ಲದಿರುವುದಕ್ಕಿಂತ ಮೇಲು. 60 ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಸೇರುತ್ತದೆ. ಆಧಾರವಿಲ್ಲದ ಹಿರಿಯರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಇದು ಭಿಕ್ಷೆಯಲ್ಲ. ಅರ್ಜಿ ಬರೆಯಲು ಬಾರದ ಅಜ್ಜಿಗೆ ನಮ್ಮ ಧರ್ಮಕೇಂದ್ರದ ಯುವಕರು ಒಂದು ಮಧ್ಯಾಹ್ನ ಕೊಟ್ಟರೆ ಅದೂ ಪ್ರಾರ್ಥನೆಯೇ. ಮಂಗಳೂರಿನ ಕಥೋಲಿಕರು 1912ರಲ್ಲೇ ಸಹಕಾರಿ ಸಂಘವೊಂದನ್ನು ಕಟ್ಟಿ ಬಡವರ ಉಳಿತಾಯಕ್ಕೆ, ಸಾಲಕ್ಕೆ ದಾರಿ ಮಾಡಿದರು. ಇಂದಿನ ಎಂಸಿಸಿ ಬ್ಯಾಂಕು ಅದೇ. ಒಬ್ಬರಿಗೊಬ್ಬರು ಆಗುವುದು ನಮಗೆ ಹೊಸದಲ್ಲ.

ಎಷ್ಟಿದ್ದರೆ ಸಾಕು?

ಸಾಕು ಎಂಬ ಪದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬಹುದು. ನಾನು ಉಳಿಸಿದ್ದು ಇನ್ನೊಬ್ಬರ ಕೂಲಿ ತಡೆಹಿಡಿದು, ಬಡ್ಡಿ ಹಿಂಡಿ ಬಂದದ್ದೇ? ಅದು ನನ್ನ ಮಾನದ ಬದುಕಿಗೆ ಬೇಕಾದ್ದೇ, ಇಲ್ಲವೆ ಅದನ್ನೂ ಮೀರಿ ಬೆಳೆಯುತ್ತಿದೆಯೇ? ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಕಷ್ಟದಲ್ಲಿ ಬಾಗಿಲು ತಟ್ಟಿದರೆ ಗಂಟು ಬಿಚ್ಚುತ್ತೇನೆಯೇ? ಕೊನೆಯ ಪ್ರಶ್ನೆಗೆ ಹೌದು ಎನ್ನಲಾರದವನ ಉಳಿತಾಯ, ನಾಲ್ಕೇ ಸಾವಿರವಿದ್ದರೂ, ಆ ಧನಿಕನ ಕಣಜವೇ.

ಮುಂದಿನ ವಾರ ಆ ಮನೆಗೆ ಹೋಗಿ ತಾಯಿಗೆ ಇದನ್ನೆಲ್ಲ ಸರಳವಾಗಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ನುಡಿದರು: "ಹಂಗಾದ್ರೆ ಮನೆ ನನ್ನ ಹೆಸರಲ್ಲೇ ಇರಲಿ ಸ್ವಾಮಿ. ನಾನು ಹೋದ ಮೇಲೆ ಇಬ್ಬರಿಗೂ ಸಮ ಅಂತ ಬರೆಸ್ತೀನಿ. ಅಂಚೆ ಕಚೇರೀಲಿ ಇಟ್ಟಿರೋದ್ರಲ್ಲಿ ಅರ್ಧ ಅವನಿಗೆ ಈಗಲೇ ಕೊಡ್ತೀನಿ. ಅವನಿಗೂ ಕಷ್ಟ ಇರುತ್ತಲ್ವಾ?" ಅರ್ಧ ಹೆಚ್ಚಾಯಿತೇನೋ ಎಂದು ನನಗನಿಸಿತು. ಆದರೆ ಕೊಡುವ ಸಂತೋಷ ಆಕೆಯದು, ನಾನು ಅಡ್ಡಬರಲಿಲ್ಲ.

ಮಗ ಇನ್ನೂ ಮುನಿಸಿಕೊಂಡೇ ಇದ್ದಾನೆ. ಫೋನು ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಾನಂತೆ. ತಾಯಿ ಪ್ರತಿ ಸಂಜೆ ಜಪಮಾಲೆಯಲ್ಲಿ ಒಂದು ರಹಸ್ಯವನ್ನು ಅವನಿಗಾಗಿ ಒಪ್ಪಿಸುತ್ತಾರೆ. ಈಗ ನಿದ್ದೆ ಬರುತ್ತದೆ ಎಂದರು.

ಪ್ರಿಯ ಓದುಗರೇ, ಈ ಭಾನುವಾರ ಪೂಜೆಯ ನಂತರ ನಿಮ್ಮ ಮನೆಯ ಹಿರಿಯರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಆಸ್ತಿಯ ಮಾತೆತ್ತಬೇಡಿ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಮಾತ್ರ ಕೇಳಿ. ನಜರೇತಿನ ಪವಿತ್ರ ಕುಟುಂಬವು ನಮ್ಮ ಕುಟುಂಬಗಳನ್ನು ಕಾಪಾಡಲಿ.